ಕೋಣಕ್ಕೊಂದು ಹೆಸರು

ಕನ್ನಡ ಕಥಾಲೋಕದ ಒಂದು ಘೋರ ಅನ್ಯಾಯವನ್ನು ನಾನೇ ಸರಿಪಡಿಸಬೇಕೆಂದು ಒಂದು ಭಾನುವಾರ, ಕಾಫಿಯ ಲೋಟ ಕೆಳಗಿಡುವ ಮೊದಲೇ ನಿರ್ಧರಿಸಿಬಿಟ್ಟೆ! ನಮ್ಮ ಕಥೆಗಳಲ್ಲಿ ರಾಜನಿಗೆ ಹೆಸರಿದೆ, ರಾಣಿಗೆ ಹೆಸರಿದೆ, ಅವರ ಬಾಗಿಲು ಕಾಯುವವನಿಗೂ ಹೆಸರಿದೆ. ಒಂದೆರಡು ಪುಣ್ಯವಂತ ಹಸುಗಳನ್ನು ಬಿಟ್ಟರೆ ಪ್ರಾಣಿಗಳಿಗೆ ಮಾತ್ರ ‘ಒಂದು ನರಿ’, ‘ಒಂದು ಕೋಣ’! ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಕೋಣಕ್ಕೆ ಒಂದು ಹೆಸರು ಬಂದಿರಲಿಲ್ಲ.

ಉಪ್ಪಳದ ನಮ್ಮ ವಾಚನಾಲಯದ ವಾರ್ಷಿಕೋತ್ಸವಕ್ಕೆ ಮಂಗಳೂರಿನಿಂದ ವಾರಪತ್ರಿಕೆಯೊಂದರ ಸಂಪಾದಕರು ಬರುವವರಿದ್ದರು. ಅವರ ಮುಂದೆ ನಾನು ಕಥೆ ಓದುವುದು, ಅವರು ಮೆಚ್ಚಿ ಅಚ್ಚು ಹಾಕುವುದು, ಅಚ್ಚಿನಲ್ಲಿ ನನ್ನ ಹೆಸರನ್ನು ಊರೆಲ್ಲ ನೋಡುವುದು! ಪ್ರಾಥಮಿಕ ಶಾಲೆಯ ಮಾಸ್ತರನೊಬ್ಬನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಇನ್ನೇನಿದೆ? ಹಸ್ತಪ್ರತಿಯ ಮೇಲೆ ಹೆಸರು ಬರೆಯುವ ಗೋಜಿಗೂ ಹೋಗಲಿಲ್ಲ. ಉಪ್ಪಳದಲ್ಲಿ ಭುಜಂಗ ಮಾಸ್ತರನನ್ನು ಅರಿಯದವರು ಯಾರು?

ಕಥೆ ಸರಳ. ಕೆಸರಿನಲ್ಲಿ ಹೊರಳುತ್ತ ಸುಖವಾಗಿದ್ದ ಕೋಣವೊಂದು ‘ನೀನೇ ಕಾಡಿನ ರಾಜ’ ಎಂಬ ನರಿಯ ಮಾತು ನಂಬಿ ಹೊರಡುತ್ತದೆ, ಪೆಟ್ಟು ತಿಂದು ಹಟ್ಟಿಗೆ ಮರಳುತ್ತದೆ. ಕೋಣಕ್ಕೆ ‘ಮಹಿಷೇಂದ್ರವರ್ಮ’ ಎಂದೂ ನರಿಗೆ ‘ವಕ್ರಪುಚ್ಛ’ ಎಂದೂ ನಾಮಕರಣ ಮಾಡಿ ಹೆಂಡತಿ ಲೋಲಾಕ್ಷಿಗೆ ಓದಿ ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳಿದಳು:

“ವಕ್ರಪುಚ್ಛ ಅಂದರೆ ನರಿಯಾ, ಕಷಾಯವಾ?”

“ನರಿ! ಕಥೆಗೆ ಒಂದು ಗಾಂಭೀರ್ಯ ಬೇಡವಾ?”

“ಊರಿನ ಹೆಸರು ಇಡಿ ಮಾರಾಯ್ರೆ. ನಿಮ್ಮ ಮಹಿಷೇಂದ್ರವರ್ಮನನ್ನು ಪೂರ್ತಿ ಕರೆದು ಮುಗಿಸುವಾಗ ಅದು ಪಕ್ಕದವರ ಗದ್ದೆ ಮೇಯ್ದು ಬಂದಾಗಿರ್ತದೆ!”

ಮಾತು ನಾಟಿತು. ನರಿ ಚೆನ್ನಪ್ಪನಾಯಿತು, ಕೋಣ ಕಿಟ್ಟಣ್ಣನಾಯಿತು. ಜಗಲಿಯಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಓದುವ ಅಭ್ಯಾಸವನ್ನೂ ಶುರುಮಾಡಿದೆ. ‘ಕಳ್ಳ ಚೆನ್ನಪ್ಪ ಕೋಳಿ ಕಚ್ಚಿಕೊಂಡು ಓಡಿದ’ ಎಂದು ಗುಡುಗಿದ್ದೇ ತಡ, ಪಕ್ಕದ ಅಂಗಡಿಯ ಚೆನ್ನಪ್ಪ ಬೆಲ್ಲದ ಕೈಯಲ್ಲೇ ಓಡಿಬಂದ. ಹಿಂದೆ ಅವನ ಗಿರಾಕಿಗಳು!

“ಮಾಸ್ಟ್ರೇ, ನಾನು ಯಾರ ಕೋಳಿ ಕದ್ದದ್ದು? ಗಿರಾಕಿಗಳ ಎದುರು ಎಂತ ಇದು?”

“ಅದು ನರಿ ಮಾರಾಯ!”

“ನಾನು ನರಿಯಾ?”

ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಒಳಗಿನಿಂದ ಒಂದು ಕೆಮ್ಮು ಕೇಳಿತು. ನನ್ನ ಸೋದರಮಾವ, ಮನೆಯ ಯಜಮಾನ ಕಿಟ್ಟಣ್ಣ! ಅವರು ಕೆಮ್ಮಿದರೆ ನಮ್ಮ ಮನೆಯ ಬೆಕ್ಕೂ ಎದ್ದು ನಿಲ್ಲುತ್ತದೆ. ಇಷ್ಟು ವರ್ಷ ಅವರೊಡನಿದ್ದೂ ಕೋಣಕ್ಕೆ ಆ ಹೆಸರು ಹೇಗೆ ಹೊಳೆಯಿತೋ, ದೇವರೇ ಬಲ್ಲ.

“ಭುಜಂಗ, ನಾಳೆಯಿಂದ ಊರವರು ನನ್ನ ಬೆನ್ನು ಸವರಿ ಹುರುಳಿ ತಿನ್ನಿಸಬೇಕಾ?”

ನರಿಗೆ ಮತ್ತೆ ಕಷಾಯದ ಹೆಸರನ್ನೇ ಕೊಟ್ಟೆ. ಕೋಣಕ್ಕೆ? ಮಹಿಷೇಂದ್ರವರ್ಮನನ್ನು ಮತ್ತೆ ಕರೆತಂದರೆ ಲೋಲಾಕ್ಷಿ ಬಿಟ್ಟಾಳೇ? ಊರಿನಲ್ಲಿ ವಾರಸುದಾರರಿಲ್ಲದ ಹೆಸರೇ ಇರಲಿಲ್ಲ! ತಲೆ ಕೆರೆದು ಕೆರೆದು, ಕೊನೆಗೆ ಮಿಂಚಿನಂತೆ ಹೊಳೆಯಿತು. ನನ್ನದೇ ಹೆಸರು! ಭುಜಂಗ ಎಂಬ ಕೋಣ! ಜಗಳಕ್ಕೆ ಬರುವವರು ಯಾರು, ನಾನೇ? ಸಾಹಿತ್ಯಕ್ಕಾಗಿ ಇಂಥ ತ್ಯಾಗ ಮಾಡಿದವರುಂಟೇ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಹುರುಪಿನಲ್ಲಿ ಎಷ್ಟು ಅಬ್ಬರಿಸಿ ಅಭ್ಯಾಸ ಮಾಡಿದೆನೆಂದರೆ, ವಾರ್ಷಿಕೋತ್ಸವದ ದಿನ ಗಂಟಲು ಪೂರ್ತಿ ಮುಚ್ಚಿಹೋಯಿತು. ಬಾಯಿ ತೆರೆದರೆ ಬರೀ ಗಾಳಿ! ಸಂಪಾದಕರು ಮುಂದಿನ ಕುರ್ಚಿಯಲ್ಲಿ ಕುಳಿತಾಗಿತ್ತು. ನನ್ನ ಸ್ವರ್ಗ ಕೈಜಾರುತ್ತಿತ್ತು. ನಾನು ಹಸ್ತಪ್ರತಿಯನ್ನು ಲೋಲಾಕ್ಷಿಯ ಕೈಗೆ ತುರುಕಿದೆ.

“ನಾನಾ? ಇಷ್ಟು ಜನರ ಎದುರು? ಅದರಲ್ಲಿ ಒಂದು ತೊಂದರೆ ಉಂಟಲ್ಲ...”

ಕೇಳುವ ವ್ಯವಧಾನ ಯಾರಿಗಿತ್ತು? ಕೈ ಮುಗಿದು ವೇದಿಕೆ ತೋರಿಸಿದೆ. ಪಾಪ, ಸೆರಗು ಸರಿಮಾಡಿಕೊಂಡು ಹತ್ತಿದಳು.

“ಒಂದು ಊರಿನಲ್ಲಿ ಒಂದು ಕೋಣ ಇತ್ತು. ಅದರ ಹೆಸರು...”

ನಿಂತಳು. ಕಾಗದ ನೋಡಿದಳು, ನನ್ನನ್ನು ನೋಡಿದಳು, ತಲೆ ತಗ್ಗಿಸಿದಳು.

“ಅದರ ಹೆಸರು... ಇವರದ್ದೇ!” ಎಂದು ನನ್ನತ್ತ ಕೈ ತೋರಿಸಿದಳು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿಯೇ ಇಲ್ಲ! ಲೋಲಾಕ್ಷಿ ಮದುವೆಯಾದಂದಿನಿಂದ ನನ್ನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಎಲ್ಲರಿಗೂ ಗೊತ್ತಿದ್ದ ಈ ಸಂಗತಿ ಹೆಸರುಗಳ ಮಹಾಪಂಡಿತನಾದ ನನಗೊಬ್ಬನಿಗೆ ಮರೆತುಹೋಗಿತ್ತು.

ಆಮೇಲೆ ಕಥೆ ನಾಗಾಲೋಟದಲ್ಲಿ ಓಡಿತು. “ಇವರು ಬೆಳಿಗ್ಗೆ ಎದ್ದು ಕೆಸರಿನಲ್ಲಿ ಹೊರಳುತ್ತಿದ್ದರು. ಇವರಿಗೆ ಬುದ್ಧಿ ಸ್ವಲ್ಪ ಕಡಿಮೆ. ಇವರ ಮೂಗಿಗೆ ಹಗ್ಗ ಹಾಕಿದ್ದರು...” ಎಷ್ಟು ಮರ್ಯಾದೆ! ಒಂದೇ ಒಂದು ಏಕವಚನವಿಲ್ಲ! ತಡೆಯಲೆಂದು ನಾನು ಎದ್ದು ಬಾಯಿ ತೆರೆದೆ. ಬರೀ ಗಾಳಿ ಹೊರಟಿತು.

“ಅಗೋ, ಕೋಣ ಉಸಿರು ಬಿಟ್ಟಿತು!” ಎಂದು ಚೆನ್ನಪ್ಪ ಕೂಗಿದ. ಕೋಳಿಯ ಸೇಡು! ಕಿಟ್ಟಣ್ಣ ಮಾವ ಹೊಟ್ಟೆ ಹಿಡಿದು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾಚಿಕೆಯಿಂದ ಕುಗ್ಗಿಹೋದೆ, ನಿಜ. ಆದರೆ ಅಡುಗೆಮನೆಯಾಚೆ ದನಿಯೆತ್ತದ ಲೋಲಾಕ್ಷಿ ಅಂದು ಸಭೆಯನ್ನೇ ಅಂಗೈಯಲ್ಲಿಟ್ಟುಕೊಂಡು ಓದುತ್ತಿದ್ದಳು. ಅದನ್ನು ನೋಡಿ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ? ಸಂಪಾದಕರು ಕಣ್ಣೊರೆಸಿಕೊಂಡು, “ಕಥೆ ನನಗೆ ಬೇಕು. ಆದರೆ ಕೋಣಕ್ಕೆ ಹೆಸರು ಬೇಡ. ಇವರು ಓದಿದ ಹಾಗೇ ಇರಲಿ” ಎಂದು ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡರು.

ಹೋಗಲಿ, ಕೋಣದ ಹೆಸರು ಹೋದರೇನು, ಬರೆದವನ ಹೆಸರು ಅಚ್ಚಾಗುತ್ತದಲ್ಲ! ಪತ್ರಿಕೆ ಬಂದ ದಿನ ಅಂಚೆಯವನ ಕೈಯಿಂದ ಕಸಿದುಕೊಂಡು ಬಿಡಿಸಿದೆ. ಕಥೆ ಇತ್ತು. ಕೋಣದ ಚಿತ್ರವೂ ಇತ್ತು. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ: ‘ಬರೆದವರು: ಉಪ್ಪಳದ ಶ್ರೀಮತಿ ಲೋಲಾಕ್ಷಿಯವರ ಯಜಮಾನರು.’

“ಇದೆಂತ ಇದು!” ಎಂದು ಕಿರುಚಿದೆ. ಗಂಟಲು ಸರಿಯಾಗಿತ್ತು.

ಲೋಲಾಕ್ಷಿ ಪತ್ರಿಕೆಯನ್ನು ಬೆಳಕಿಗೆ ಹಿಡಿದು, ತನ್ನ ಹೆಸರನ್ನು ಮತ್ತೆ ಮತ್ತೆ ಓದಿ ನಕ್ಕಳು.

“ಹೊರಡುವಾಗ ಅವರು ನಿಮ್ಮ ಹೆಸರು ಕೇಳಿದರು. ನಾನು ಹೇಗೆ ಹೇಳುವುದು? ‘ಕೋಣದ ಹೆಸರೇ’ ಅಂತ ನಾಲಗೆ ತುದಿಗೆ ಬಂದಿತ್ತು. ನಿಮ್ಮ ಮರ್ಯಾದೆ ಉಳಿಯಲಿ ಅಂತ ‘ಲೋಲಾಕ್ಷಿಯ ಯಜಮಾನರು’ ಅಂದು ಸುಮ್ಮನಾದೆ!”