ಜೀಪಿನ ನೆತ್ತಿಗೆ ಕುಂಕುಮ

ಹಳೆಯ ಗಾಡಿ ಕೊಂಡವನು ಗಾಡಿಯನ್ನಷ್ಟೇ ಕೊಳ್ಳುವುದಿಲ್ಲ, ಅದರಲ್ಲಿ ಹಿಂದೆ ಕೂತಿದ್ದವರನ್ನೂ ಕೊಳ್ಳುತ್ತಾನೆ. ನನ್ನ ಜೀಪು ಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಮಾಲು. ಸೀಟಿನ ಕೆಳಗೆ ಒಂದು ತೂತಿತ್ತು. ಗುಂಡಿನದೋ ತುಕ್ಕಿನದೋ ಎಂದು ಕೇಳಿದರೆ ಮಾರಿದವನು, “ನಿಮಗೆ ಯಾವುದು ಬೇಕು ಸಾಹೇಬ್ರೆ?” ಎಂದ. ನಾನು ಕಾನಸೂರಿನ ಡಾಕ್ಟರು, ಅದೂ ಬೊಂಬಾಯಿಯಲ್ಲಿ ಕಲಿತವನು. ತುಕ್ಕಿನದೇ ಎಂದು ತೀರ್ಮಾನಿಸಿದೆ. ನಮ್ಮ ಜಿಲ್ಲೆ ಬೊಂಬಾಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಸರ್ಕಾರವೇ ಯಾರದೆಂದು ಊರಿಗೆ ಸರಿಯಾಗಿ ತಿಳಿಯದ ಕಾಲದಲ್ಲಿ ಜೀಪು ಯಾರದಾಗಿತ್ತೆಂದು ಯಾಕೆ ತಲೆ ಕೆಡಿಸಿಕೊಳ್ಳಲಿ?

ಮೊದಲ ಆಯುಧಪೂಜೆ ಕಳೆದ ಮೇಲೆ ಜೀಪು ಸೋರತೊಡಗಿತು. ಗೇರು ಪೆಟ್ಟಿಗೆಯ ಹಿಂದೆ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಶಕ್ತಿ ಹಂಚುವ ಇನ್ನೊಂದು ಪೆಟ್ಟಿಗೆಯಿದೆ, ಟ್ರಾನ್ಸ್‌ಫರ್ ಕೇಸು. ಅದರ ಬೆನ್ನಿನಲ್ಲಿ ಎಣ್ಣೆ ತಡೆಯಬೇಕಾದ ಬಳೆಯಂಥ ಸೀಲಿನಿಂದಲೇ ಎಣ್ಣೆ ತೊಟ್ಟಿಕ್ಕಿ, ಕೆಮ್ಮಣ್ಣಿನ ಮೇಲೆ ಬಿದ್ದು, ಹೆಪ್ಪುಗಟ್ಟಿದ ರಕ್ತದ ಬಣ್ಣಕ್ಕೆ ತಿರುಗುತ್ತಿತ್ತು. ಆ ಸೀಲಿಗೆ ಅಂಟಿಕೊಂಡೇ ಹ್ಯಾಂಡ್‌ಬ್ರೇಕಿನ ಡ್ರಮ್ಮು. ಎಣ್ಣೆ ಕುಡಿದ ಬ್ರೇಕು ಹಿಡಿಯುವುದುಂಟೇ? ಗೇರಿನಲ್ಲಿ ಹಾಕಿಟ್ಟರೆ ಸವೆದ ಗೇರು ತಾನೇ ಕಳಚಿಕೊಳ್ಳುತ್ತಿತ್ತು. ಮಟಮಟ ಮಧ್ಯಾಹ್ನ, ಎಲೆ ಅಲುಗದ ಹೊತ್ತಿನಲ್ಲಿ, ದವಾಖಾನೆಯ ಎದುರು ನಿಂತ ಜೀಪು ಸದ್ದಿಲ್ಲದೆ ಹೊರಡುತ್ತಿತ್ತು. ಸ್ಟಿಯರಿಂಗು ತಾನೇ ಒಂದಿಷ್ಟು ತಿರುಗಿ, ಪ್ರತಿಸಲವೂ ಸ್ಮಶಾನದ ತಿರುವಿನಲ್ಲೇ ನಿಲ್ಲುತ್ತಿತ್ತು. ಇಳಿಜಾರು ಮುಗಿಯುವುದೇ ಅಲ್ಲಿ ಎಂದು ನನಗೆ ಗೊತ್ತು. ಗೊತ್ತಿದ್ದರೂ ಅದನ್ನು ತರಲು ಒಬ್ಬನೇ ಹೋಗುತ್ತಿರಲಿಲ್ಲ.

ಹುಬ್ಬಳ್ಳಿಯಿಂದ ಹೊಸ ಸೀಲು ತರಿಸಿ ಹಾಕಿಸಿದೆ. ಸೋರಿತು. ಮತ್ತೊಂದು ಹಾಕಿಸಿದೆ. ಅದೂ ಸೋರಿತು. ಕೊನೆಗೆ, ವಿಜ್ಞಾನಕ್ಕೆ ಬೇಸರವಾಗದಂತೆ, ಯಾರೂ ಇಲ್ಲದಾಗ ಜೀಪಿನ ತಳದ ತಗಡು ಎತ್ತಿ ಆ ಪೆಟ್ಟಿಗೆಗೇ ಪೂಜೆ ಮಾಡತೊಡಗಿದೆ. ಅದರ ನೆತ್ತಿಯಲ್ಲಿ ಪುಟ್ಟ ತಲೆಯಂಥ ಒಂದು ಗುಬುಟು. ಆಯುಧಪೂಜೆಯಂದು ಕುಂಕುಮ ಇಟ್ಟಿದ್ದೂ ಅಲ್ಲೇ. ಸೋರಿಕೆ ಹೆಚ್ಚಿದಷ್ಟೂ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ದಪ್ಪಗೆ ಮೆತ್ತಿದೆ. ಮೆತ್ತಿದಷ್ಟೂ ಸೋರಿಕೆ ಹೆಚ್ಚಿತು. ನನ್ನ ಭಕ್ತಿ ಸಾಲದೇನೋ ಅಂದುಕೊಂಡೆ.

ಹೀಗಿರುವಾಗ ಒಂದು ಮಧ್ಯಾಹ್ನ ಊರಾಚೆಯ ಮನೆಯಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಮಗು ಅಡ್ಡ ತಿರುಗಿತ್ತು. ಬೇಗ ಶಿರಸಿಯ ಆಸ್ಪತ್ರೆ ಮುಟ್ಟಿಸದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಬಸ್ಸು ಇದ್ದದ್ದು ಸಂಜೆಗೆ. ಜೀಪನ್ನು ಅವರ ಇಳಿಜಾರು ಅಂಗಳದಲ್ಲಿ ನಿಲ್ಲಿಸಿದ್ದೆ. ಬಸುರಿ ಹುಡುಗಿಯ ತಾಯಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

“ಡಾಕ್ಟ್ರೇ, ಆ ಗಾಡಿ ತಂತಾನೇ ಸ್ಮಶಾನಕ್ಕೆ ಹೋಗ್ತಡ. ಎನ್ನ ಕೂಸಿನ ಅದ್ರಲ್ಲಿ ಆನು ಕಳಸ್ತ್ನಿಲ್ಲೆ!”

“ಅದು ಸೀಲು ಅಮ್ಮಾ, ಸೀಲು!”

“ಎಂತ ಸೀಲೇನ! ಗಾಡಿ ಒಳಗಿಪ್ಪದನ್ನ ಮೊದ್ಲು ಹೊರಗೆ ಹಾಕಿ.”

ಮನೆಯೊಳಗಿನಿಂದ ಹುಡುಗಿಯ ನರಳಾಟ. ನನಗೆ ಸಿಟ್ಟೂ ಬಂತು, ಭಯವೂ ಆಯಿತು. ಕಂಪೌಂಡರ್ ಬಸಣ್ಣನಿಗೆ “ಗಾಲಿಗೆ ಕಲ್ಲು ಕೊಡು” ಎಂದು ಕೂಗಿ, ಒಳಗಿರುವುದು ಬರೀ ಎಣ್ಣೆ ಎಂದು ತೋರಿಸಿಬಿಡಲು ಸ್ಪ್ಯಾನರು ಹಿಡಿದು ಜೀಪಿನ ಕೆಳಗೆ ನುಗ್ಗಿದೆ. ಎಣ್ಣೆ ಹಾಕುವ ಬಿರಡೆಯನ್ನು ಸಡಿಲಿಸಿದ್ದೇ ತಡ, ಪೆಟ್ಟಿಗೆ “ಹ್ಹಾ…” ಎಂದು ಉದ್ದಕ್ಕೆ ಉಸಿರು ಬಿಟ್ಟಿತು. ಬಿಸಿ ಉಸಿರು, ನನ್ನ ಮುಖದ ಮೇಲೆ. ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. “ಹೋತು! ಹೋತು!” ಎಂದು ಆ ತಾಯಿ ಕೂಗಿದರು. ನಾನು ಕೆಳಗಿರುವಾಗಲೇ ಹುಡುಗಿಯನ್ನು ಎತ್ತಿ ತಂದು ಜೀಪಿನಲ್ಲಿ ಮಲಗಿಸಿದರು.

ಹೋದದ್ದು ಗಾಳಿ. ಕೀವು ತುಂಬಿದ ಕುರುಗಳನ್ನು ಕೊಯ್ದವನಿಗೆ ಆಗ ಹೊಳೆಯಿತು: ಬಿಸಿಯಾದ ಪೆಟ್ಟಿಗೆಗೆ ಉಸಿರಾಡಲು ಕಿಂಡಿ ಬೇಕು, ಅದು ಮುಚ್ಚಿದರೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನಿಂದ ಹೊರಗೆ ನೂಕುತ್ತದೆ. ಕೈ ಮೇಲಕ್ಕೆ ಚಾಚಿ ತಡವಿದೆ. ಕಿಂಡಿ ಇದ್ದದ್ದು ಆ ಗುಬುಟಿನಲ್ಲಿ. ನನ್ನ ಭಕ್ತಿಯೆಲ್ಲ ಅದರ ಬಾಯಿಗೆ ಗಾರೆಯಂತೆ ಕಟ್ಟಿತ್ತು. ಕೆರೆದು ತೆಗೆದು, ಬಿರಡೆ ಬಿಗಿದು, ತೆವಳಿ ಹೊರಬಂದೆ.

“ಬಸಣ್ಣಾ, ಕಲ್ಲು ತೆಗಿ.”

“ಯಾವ ಕಲ್ರೀ? ನೀವು ಕೂಗಿದ್ದು ನಂಗ ಕೇಳಿಸೇ ಇಲ್ರಿ. ನಾ ಒಳಗ ಪೇಷಂಟ್ ಹತ್ರ ಇದ್ದೆ.”

ಬಗ್ಗಿ ನೋಡಿದೆ. ಗಾಲಿಯ ಕೆಳಗೆ ಬರೀ ನೆಲ. ನಾನು ನೋಡಿದ ಮೇಲೆ ಜೀಪು ಮೆಲ್ಲಗೆ ಹೊರಟಿತು. ಹಾರಿ ಕೂತು ಕಾಲಿನ ಬ್ರೇಕು ಒತ್ತಿದೆ.

ಶಿರಸಿ ತಲುಪಿದೆವು. ಹೆಣ್ಣುಮಗು, ಇಬ್ಬರೂ ಉಳಿದರು. ಬ್ರೇಕು ತೊಳೆಸಿದೆ, ಸೋರಿಕೆಯೂ ನಿಂತಿತು. ಕಿಂಡಿ ಕಟ್ಟಿತ್ತು, ಅಷ್ಟೇ, ಬೇರೇನೂ ಇರಲಿಲ್ಲ ಎಂದು ಕೇಳಿದವರಿಗೆಲ್ಲ ವಿವರಿಸುತ್ತೇನೆ. ಜೀಪಿನ ಹತ್ತಿರ ನಿಂತು ಮಾತ್ರ ವಿವರಿಸುವುದಿಲ್ಲ. ನಾನು ಕೆಳಗಿದ್ದಾಗ ಅಷ್ಟು ಹೊತ್ತು ಜೀಪನ್ನು ಹಿಡಿದು ನಿಲ್ಲಿಸಿಕೊಂಡವರ ಮುಖಕ್ಕೇ “ನೀವು ಇಲ್ಲವೇ ಇಲ್ಲ” ಅನ್ನುವುದು ಹೇಗೆ ಹೇಳಿ?