ಚೂರು ಮಾಡಿದ ಶುಭಾಶಯ

ಶುಭಾಶಯ ಓದುವವರಿಗೆ ಸ್ವಲ್ಪವಾದರೂ ಕಷ್ಟವಾಗಬೇಕು ಎಂಬುದು ನನ್ನ ವಾದ. ಒಮ್ಮೆ ಕಣ್ಣು ಹಾಯಿಸಿ ಮೂಲೆಗೆ ಎಸೆಯುವಂಥದ್ದು ಶುಭಾಶಯವೇ? ಯಾರು ಏನೇ ಅನ್ನಲಿ, ಈ ವಾದವನ್ನು ನಾನು ಬಿಟ್ಟವನಲ್ಲ. ಹೆಂಡತಿಯನ್ನೇ ಕಳಿಸುವುದಿಲ್ಲ ಎಂದು ಮಾವ ಕೂತಾಗಲೂ ಬಿಡಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ನಾನು ಕುಂದಾಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಷ್ಟ್ರು. ಹೆಂಡತಿ ಸಾವಿತ್ರಿ ಹೆರಿಗೆಗೆಂದು ಬಿಜೂರಿನ ತವರಿಗೆ ಹೋಗಿದ್ದಳು. ಹೆಣ್ಣು ಮಗು ಹುಟ್ಟಿತ್ತು. ಯುಗಾದಿ ಕಳೆದ ಮೇಲೆ ತಾಯಿ ಮಗುವನ್ನು ಕರೆತರುವುದೆಂದು ಮಾತಾಗಿತ್ತು. ಹಬ್ಬಕ್ಕೆ ಒಂದು ಶುಭಾಶಯ ಕಳಿಸೋಣವೆಂದು ಹಳೇ ಕ್ಯಾಲೆಂಡರಿನ ರಟ್ಟಿನ ಮೇಲೆ ತೊಟ್ಟಿಲು, ತೊಟ್ಟಿಲಲ್ಲಿ ಮಗು, ಕೆಳಗೆ ನಾಲ್ಕು ಒಳ್ಳೆಯ ಮಾತು ಬರೆದು, ಅದನ್ನು ಅಂಕುಡೊಂಕಾಗಿ ಕತ್ತರಿಸತೊಡಗಿದೆ. ಜೋಡಿಸಿದರೆ ಮಾತ್ರ ಚಿತ್ರ! ಪಕ್ಕದ ಮನೆಯ ಶೇಷಕ್ಕ ಬೇಲಿಯ ಆಚೆಯಿಂದ ಇಣುಕಿದರು.

“ಹ್ವಾಯ್ ಮಾಷ್ಟ್ರೆ, ಊರೊಳ್ಗೆ ಬರಿಯುಕೆ ಕಾಗ್ದ ಸಿಕ್ಕುದಿಲ್ಲ. ನೀವ್ ಬರ್ದದ್ದನ್ನ ಕತ್ರಿಸ್ತ್ರಿ ಅಲ್ದಾ!”

ಕಲೆ ಎಲ್ಲರಿಗೂ ಅರ್ಥವಾಗುವುದಿಲ್ಲ ಎಂದುಕೊಂಡು ಚೂರುಗಳನ್ನು ಲಕೋಟೆಗೆ ತುಂಬಿ ಅಂಚೆಗೆ ಹಾಕಿದೆ.

ಹಬ್ಬ ಕಳೆಯಿತು. ಪೇಟೆಗೆ ಬಂದಿದ್ದ ಬಿಜೂರಿನ ಸುಬ್ಬಣ್ಣ ನನ್ನನ್ನು ರಸ್ತೆಯಲ್ಲೇ ತಡೆದ. “ನಿಮ್ ಮಾವ ಮಗ್ಳನ್ನ ಕಳ್ಸುದಿಲ್ಲ ಅಂಬ್ರ್. ಹರ್ದ್ ಕಾಗ್ದ ಕಳ್ಸಿದ್ರಿ ಅಂಬ್ರಲೆ, ಎಂತ ಆಯ್ತ್ ನಿಮ್ಗೆ?”

ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೇ ಹರಿಯುವುದು, ಮನೆಯೊಳಗೆ ಇಡದಿರುವುದು ನಮ್ಮ ಕಡೆಯ ಪದ್ಧತಿ. ನಾನು ಹರಿದೇ ಕಳಿಸಿದೆನೆಂದು ಮಾವ ತಿಳಿದಿದ್ದರು. ದೋಣಿಯಲ್ಲಿ ಹೊಳೆ ದಾಟಿ, ಪೆಟ್ರೋಲ್ ಇಲ್ಲದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಮಸಿ ಬಳಿದುಕೊಂಡು ಬಿಜೂರಿಗೆ ಹೋದೆ. ನನ್ನ ಲಕೋಟೆ ಮನೆಯೊಳಗೂ ಇರಲಿಲ್ಲ; ಹಟ್ಟಿಯಲ್ಲಿ ದನಗಳ ಜೊತೆ, ಮಾಡಿನ ಸೂರಿಗೆ ಸಿಕ್ಕಿಸಿಕೊಂಡು ನೇತಾಡುತ್ತಿತ್ತು.

“ಮಗು ಇಪ್ಪು ಮನಿಗೆ ಹರ್ದ್ ಕಾಗ್ದ!” ಎಂದರು ಮಾವ.

“ಹರಿದದ್ದಲ್ಲ, ಕತ್ತರಿಸಿದ್ದು.”

“ಎರಡೂ ಒಂದೇ.”

“ತಪ್ಪಾಯ್ತ್ ಅಂದ್ ಬಿಡಿ, ಊಟಕ್ಕೆ ಏಳಿ,” ಎಂದು ಅತ್ತೆ ಒಳಗಿನಿಂದ ಪಿಸುಗುಟ್ಟಿದರು. ನಾನು ಅನ್ನಲಿಲ್ಲ, ಏಳಲೂ ಇಲ್ಲ. ಅಳಿಯ ಉಣ್ಣದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಲಕೋಟೆ ತಂದು ಜಗಲಿಯಲ್ಲಿ ಸುರುವಿ ಜೋಡಿಸಲು ಕೂತೆ. ಹೇಳಲು ನಾಚಿಕೆ, ನನ್ನ ಕತ್ತರಿ ನನ್ನ ಬುದ್ಧಿಗಿಂತ ಮುಂದೆ ಹೋಗಿತ್ತು. ಚೂರುಗಳು ಒಂದಕ್ಕೊಂದು ಕೂಡಿಕೊಳ್ಳಲೇ ಇಲ್ಲ. ಹಿಂದೆ ಶತಪಥ ಹಾಕುತ್ತಿದ್ದ ಮಾವ ನಿಂತರು. ಬಗ್ಗಿದರು.

“ಅದ್ ಅಲ್ಲಲ್ಲ ಮಾರಾಯ್ರೆ. ಇತ್ಲಾಗ್ ತಿರ್ಗ್ಸಿ. ಬಿಡಿ, ನಾ ಕಾಂತೆ,” ಎಂದು ತಾವೇ ನೋಡಲು ಪಕ್ಕದಲ್ಲಿ ಕೂತರು.

ಆಮೇಲೆ ನನಗೆ ಕೈ ಹಾಕಲು ಜಾಗವೇ ಸಿಗಲಿಲ್ಲ. ಅತ್ತೆ ಎರಡು ಸಲ ಊಟಕ್ಕೆ ಕರೆದರೂ ಮಾವನಿಗೆ ಕೇಳಿಸಲಿಲ್ಲ. ಕೊನೆಯ ಚೂರನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಚಿತ್ರವನ್ನು ಬಹಳ ಹೊತ್ತು ನೋಡಿದರು.

“ತೊಟ್ಲೊಳ್ಗೆ ಬೆಕ್ಕ್ ಎಂತಕ್ಕೆ?”

“ಅದು ನಿಮ್ಮ ಮೊಮ್ಮಗಳು!” ಎಂದೆ, ಎದೆ ಸೆಟೆಸಿ. ಬಾಗಿಲ ಮರೆಯಲ್ಲಿ ಸಾವಿತ್ರಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ತಪ್ಪಾಯಿತೆಂದು ಮಾವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮರುದಿನ ತಾಯಿ ಮಗು ನನ್ನ ಜೊತೆ ಹೊರಟರು.

ದೀಪಾವಳಿ ಹತ್ತಿರ ಬಂದಾಗ ಬಿಜೂರಿನಿಂದ ದಪ್ಪನೆಯ ಲಕೋಟೆ ಬಂತು. ಬಿಡಿಸಿದರೆ ಚೂರು! ಚಿತ್ರವೇ ಇಲ್ಲದ, ಬರೀ ಅಕ್ಷರದ ಚೂರು. ಅದೂ ಗೋಧಿಕಾಳಿನಷ್ಟು ಸಣ್ಣದು. “ನಾ ಕಾಂತೆ, ಕೊಡಿ,” ಎಂದಳು ಸಾವಿತ್ರಿ. ಈ ವಿದ್ಯೆಯನ್ನು ಆ ಮನೆಗೆ ಕಲಿಸಿದವನೇ ನಾನು, ಯಾರ ಸಹಾಯವೂ ಬೇಡ ಎಂದೆ. ಶಾಲೆಯಿಂದ ಬಂದು ದಿನವೂ ಅದರ ಮುಂದೆ ಕೂತೆ. ಛಲ ಬಿಡಲಿಲ್ಲ, ಗೆದ್ದೆ. ಮಾವ ಬರೆದಿದ್ದರು: “ಹಬ್ಬಕ್ಕೆ ಮೂವರೂ ತಪ್ಪದೆ ಬನ್ನಿ.”

ಅಷ್ಟರಲ್ಲಿ ದೀಪಾವಳಿ ಮುಗಿದು ವಾರ ಕಳೆದಿತ್ತು.