ಅಜ್ಜಪ್ಪನ ಅಹವಾಲು

ಚಾವಡಿಯಲ್ಲಿ ಕೂತಿದ್ದವರೆಲ್ಲ ಒಮ್ಮೆಲೇ ತಲೆ ತಗ್ಗಿಸಿದರು. ತಡವಾಗಿ ಬಂದು ಹಿಂದಿನ ಕಂಬಕ್ಕೆ ಒರಗಿದ್ದ ಅಜ್ಜಪ್ಪನಿಗೆ, ಇಷ್ಟು ಜನ ನೆಲದ ಮೇಲೆ ಏನು ನೋಡುತ್ತಿದ್ದಾರೆಂಬ ಕುತೂಹಲ ತಡೆಯಲಾಗಲಿಲ್ಲ. ಚೇಳೋ, ಯಾರದಾದರೂ ಬಿದ್ದ ಉಂಗುರವೋ ಇದ್ದೀತೆಂದು ಎದ್ದು ನಿಂತು ಇಣುಕಿದ.

"ಶಹಬ್ಬಾಸ್ ಅಜ್ಜಪ್ಪ!" ಎಂದು ಗೌಡ ಗುರುಸಂಗಪ್ಪ ತೊಡೆ ತಟ್ಟಿದ. "ಊರಾಗ ಒಬ್ಬನರೆ ಗಂಡಸ ಅದಾನ!"

ಗೌಡ ಆಗಷ್ಟೇ ಕೇಳಿದ್ದ ಪ್ರಶ್ನೆ ಅಜ್ಜಪ್ಪನ ಕಿವಿಗೆ ಬಿದ್ದಿರಲಿಲ್ಲ. ಗಜೇಂದ್ರಗಡದಲ್ಲಿ ಡೇರೆ ಹಾಕಿರುವ ಕಂಪನಿ ಸಾಹೇಬನ ಮುಂದೆ ನಿಂತು ತಮ್ಮೂರು ಲಕ್ಕಲಕಟ್ಟಿಯ ಅಹವಾಲು ಹೇಳುವವರು ಯಾರು ಎಂಬುದು ಆ ಪ್ರಶ್ನೆ. ಸಾಹೇಬ ನಾಳೆ ರೋಣಕ್ಕೆ ಹೊರಡುವವನಿದ್ದ. ಹೇಳುವುದಿದ್ದರೆ ಇವತ್ತೇ ಹೇಳಬೇಕು.

ಅಹವಾಲು ಸಣ್ಣದಾಗಿರಲಿಲ್ಲ. ಉತ್ತರದ ಕಡೆ ದಂಗೆಯೆದ್ದ ಮೇಲೆ, ಹಳ್ಳಿಗಳಲ್ಲಿರುವ ಹತಾರಗಳನ್ನೆಲ್ಲ, ಎಂದರೆ ಆಯುಧಗಳನ್ನೆಲ್ಲ, ಒಪ್ಪಿಸಬೇಕೆಂದು ಕಂಪನಿ ಸರಕಾರದ ಹುಕುಂ ಹೊರಟಿತ್ತು. ಆದರೆ ಹತಾರ ಯಾವುದು, ಅಲ್ಲದ್ದು ಯಾವುದು ಎಂದು ಸಿಪಾಯಿಗಳಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಹರಿತವಾಗಿದ್ದುದೆಲ್ಲ ಹತಾರವೆಂದು ಬಗೆದ ಅವರು ಕುಡಗೋಲು, ಕೊಡಲಿ, ಅಡುಗೆಮನೆಯ ಈಳಿಗೆ, ಹಡಪದ ಮಲ್ಲೇಶಪ್ಪನ ಕ್ಷೌರದ ಕತ್ತಿ, ಎಲ್ಲವನ್ನೂ ಬಂಡಿಗೆ ಹೇರಿಕೊಂಡು ಹೋದರು. ಹತ್ತಿ ಹಿಂಜುವ ಖಾಜಾಸಾಬನ ಬಿಲ್ಲು ಹರಿತವಿರಲಿಲ್ಲ. ಆದರೂ ಬಿಲ್ಲು ಬಿಲ್ಲೇ ಎಂದು ಅದನ್ನೂ ಹೊತ್ತರು. ಬಾಣ ಎಲ್ಲಿ ಬಚ್ಚಿಟ್ಟಿದ್ದೀ ಎಂದು ಅವನ ಮನೆಯ ಗಾದಿಗಳನ್ನೆಲ್ಲ ಬಿಚ್ಚಿ ಹುಡುಕಿದರು. ಎರಡು ದಿನ ಊರೆಲ್ಲ ಹತ್ತಿ ಹಾರಾಡಿತು.

ಈಗ ಹೊಲದಲ್ಲಿ ಜೋಳ ಒಣಗಿ ನಿಂತಿತ್ತು. ಕಿತ್ತುಹಾಕೋಣವೆಂದರೆ ಎರೆನೆಲ ಕಲ್ಲಿನಂತೆ ಬಿಗಿದು, ಕಿತ್ತವರ ಅಂಗೈ ಸುಲಿದಿತ್ತು. ಗುಬ್ಬಿಗಳು ಬೀಗರಂತೆ ಬಂದು ಉಂಡು ಹೋಗುತ್ತಿದ್ದವು. ಕ್ಷೌರವಿಲ್ಲದೆ ಗಂಡಸರ ಮುಖಗಳು ಜಾಲಿಕಂಟಿಗಳಾಗಿದ್ದವು.

"ಗೌಡ್ರ, ನಾ ಬರೇ ನೋಡಾಕ ಎದ್ದಿದ್ದೆ..." ಎಂದ ಅಜ್ಜಪ್ಪ.

"ನೋಡಾಕ ಹೋಗೂದ ಐತಿ. ಸಾಹೇಬನ್ನ ನೋಡು, ನಾಕ ಮಾತಾಡು, ಬಾ."

"ನೀವ ಹಿರ್ಯಾರು. ನೀವ ಮಾತಾಡ್ರಿ."

"ನನಗ ಗಂಟಲ ಕೆಟ್ಟೈತಿ," ಎಂದು ಗೌಡ ಹೇಳಿದ ದನಿಗೆ ಮಾಳಿಗೆಯ ಪಾರಿವಾಳಗಳು ಹಾರಿಹೋದವು.

ಅಜ್ಜಪ್ಪನ ಹೆಂಡತಿ ಕಲ್ಲವ್ವ ಸುದ್ದಿ ಕೇಳಿ ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಮುಂದ ಎರಡ ಮಾತಾಡಾಕ ಬರೂದಿಲ್ಲ ನಿಮಗ. ಸಾಹೇಬನ ಮುಂದ ಏನ ಮಾತಾಡ್ತೀರಿ?"

"ಸಾಹೇಬ ನಿನ್ನಷ್ಟ ಜೋರ ಇರಲಿಕ್ಕಿಲ್ಲ ಬಿಡ," ಎಂದು ಅಜ್ಜಪ್ಪ ರುಮಾಲು ಸುತ್ತಿಕೊಂಡ.

ಅಜ್ಜಪ್ಪನ ಜೊತೆ ಬಂಡಿಗೆ ಗೌಡ, ಖಾಜಾಸಾಬ, ಮಲ್ಲೇಶಪ್ಪ ಮೂವರೂ ಹತ್ತಿಕೊಂಡರು. ಗಜೇಂದ್ರಗಡದ ಗುಡ್ಡ ಕಾಣಿಸುವ ಹೊತ್ತಿಗೆ ಮೂವರ ಬುದ್ಧಿಮಾತಿನಿಂದ ಅಜ್ಜಪ್ಪನ ತಲೆ ಅಂಬಲಿಯಾಗಿತ್ತು.

"ಅವನ ಕಾಲ ನೋಡ್ಕೋತ ಮಾತಾಡು," ಎಂದ ಗೌಡ.

"ಕಾಲ ನೋಡಿದ್ರ ಕಳ್ಳ ಅಂತಾರ. ಕಣ್ಣ ನೋಡಪಾ," ಎಂದ ಖಾಜಾಸಾಬ. "ಮೊದಲ ನನ್ನ ಬಿಲ್ಲಿನ ಸುದ್ದಿ ತಗಿ. ಕೆಲಸ ಇಲ್ದ ನನ್ನ ಕೈ ಮರಗಟ್ಟ್ಯಾವ."

"ಬಿಲ್ಲು ಆಮ್ಯಾಗ. ಈ ಗಡ್ಡ ನೋಡಿದ್ರ ನಾವ ದಂಗೆಕೋರರು ಅಂತ ಹಿಡದಾನು. ಮೊದಲ ನನ್ನ ಕತ್ತಿ," ಎಂದ ಮಲ್ಲೇಶಪ್ಪ. ನರಗುಂದದ ಕಡೆ ಯಾರನ್ನೋ ಬರೀ ಮೀಸೆ ನೋಡಿ ಹಿಡಿದರಂತೆ ಎಂಬ ಗಾಳಿಸುದ್ದಿಯನ್ನೂ ಸೇರಿಸಿದ. ಅಜ್ಜಪ್ಪ ತನ್ನ ಮೀಸೆಯನ್ನು ಕೆಳಮುಖವಾಗಿ ಸವರಿಕೊಂಡ.

ಸಾಹೇಬ ಮಾವಿನ ಮರದ ನೆರಳಲ್ಲಿ ಮಡಚುವ ಕುರ್ಚಿಯ ಮೇಲೆ ಕೂತಿದ್ದ. ಅಜ್ಜಪ್ಪ ಅಂಥದ್ದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದರ ಕಾಲುಗಳು ಕತ್ತರಿಯಂತೆ ಒಂದರೊಳಗೊಂದು ಹೊಕ್ಕಿದ್ದವು. ಬಿಲ್ಲೂ ಮರೆತುಹೋಯಿತು, ಕತ್ತಿಯೂ ಮರೆತುಹೋಯಿತು.

"ಅದು ಮಡಚತೈತೇನ್ರಿ?" ಎಂದು ಕೇಳಿಬಿಟ್ಟ.

ಗೌಡ ಅವನ ಸೊಂಟ ಚಿವುಟಿದ. ಆದರೆ ಸಾಹೇಬ ಕಲಿತ ಕನ್ನಡದವನು, ಪುಸ್ತಕ ಓದಿದಂತೆ ಮಾತಾಡುವವನು. ಪ್ರಶ್ನೆ ಕೇಳಿ ನಕ್ಕು, ಎದ್ದು, ಕುರ್ಚಿಯನ್ನು ಮಡಚಿ ತೋರಿಸಿದ. ಹೀಗಾಗಿ ಕುಳಿತುಕೊಳ್ಳಲು ಏನೂ ಇಲ್ಲದೆ ಅವನೂ ನಿಂತ. ಎದುರಿಗೆ ನಿಂತ ಮನುಷ್ಯ ತನ್ನಷ್ಟೇ ಎತ್ತರ ಎಂದು ಕಂಡಾಗ ಅಜ್ಜಪ್ಪನ ಹೆದರಿಕೆ ಅರ್ಧ ಇಳಿಯಿತು.

"ಸಾಹೇಬ್ರ, ಹತಾರ ಇಟ್ಕೋರಿ, ನಾವು ಬ್ಯಾಡ ಅನ್ನೂದಿಲ್ಲ," ಎಂದು ಶುರು ಮಾಡಿದ. "ಆದರ ನೀವು ಒಯ್ದದ್ದು ನಮ್ಮ ಹೊಟ್ಟಿಪಾಡ್ರಿ. ಜ್ವಾಳಾ ನಿಂತೈತಿ, ಹಕ್ಕಿ ತಿಂತಾವ, ನಾವು ಕೈ ಕಟ್ಕೊಂಡು ನೋಡ್ತೀವಿ. ಈ ಖಾಜಾಸಾಬ ಬಿಲ್ಲು ಮೀಟಿದ್ರ ಹತ್ತಿ ಹಾರತೈತ್ರಿ, ಜೀವ ಹಾರೂದಿಲ್ಲ. ಹೆಣ್ಮಕ್ಕಳು ಉಳ್ಳಾಗಡ್ಡಿ ಕಲ್ಲಿಲೆ ಜಜ್ಜಿ ಪಲ್ಯ ಮಾಡ್ತಾರ. ಯಾವ ತಪ್ಪಿಗೆ ಈ ಶಿಕ್ಷಾ ರೀ ನಮಗ?"

ಗೌಡ ಬಾಯಿ ತೆರೆದು ನೋಡಿದ. ಇಷ್ಟು ಮಾತು ತನ್ನೊಳಗೆ ಎಲ್ಲಿತ್ತೆಂದು ಅಜ್ಜಪ್ಪನಿಗೇ ಸೋಜಿಗವಾಗಿತ್ತು.

ಸಾಹೇಬ ಗಂಭೀರನಾದ. "ನಿನ್ನ ಮಾತು ನ್ಯಾಯವಾಗಿದೆ. ನಿಮ್ಮ ಗ್ರಾಮದ ಸಾಮಾನುಗಳೆಲ್ಲ ಬೇಸಾಯದ ಉಪಕರಣಗಳೆಂದು ನೀನು ಮಾತು ಕೊಡುವೆಯಾ?"

"ಕೊಡ್ತೀನ್ರಿ!"

"ಹಾಗಾದರೆ ತೆಗೆದುಕೊಂಡು ಹೋಗತಕ್ಕದ್ದು."

ಲಕ್ಕಲಕಟ್ಟಿಯ ರಾಶಿ ಡೇರೆಯ ಹಿಂದೆ ಬಿದ್ದಿತ್ತು. ಖಾಜಾಸಾಬ ಬಿಲ್ಲನ್ನು ಕಂಡು ಕಳೆದುಹೋದ ಕರು ಸಿಕ್ಕವನಂತೆ ತಬ್ಬಿಕೊಂಡ. ಮಲ್ಲೇಶಪ್ಪ ತನ್ನ ಕತ್ತಿಯನ್ನು ಅಂಗೈಗೆ ಉಜ್ಜಿ ನೋಡಿಕೊಂಡ. ಎಲ್ಲರೂ ಬಂಡಿಗೆ ತುಂಬತೊಡಗಿದರು. ರಾಶಿಯ ತಳದಲ್ಲಿ ಗೋಣಿತಟ್ಟು ಸುತ್ತಿದ ಉದ್ದನೆಯ ಗಂಟೊಂದಿತ್ತು.

"ಏನಿದು?" ಎಂದ ಅಜ್ಜಪ್ಪ.

"ಏನರ ಇರಲಿ! ಲಗೂ ಬಂಡ್ಯಾಗ ಹಾಕು," ಎಂದು ಗೌಡ ಅವಸರಿಸಿದ.

ಆದರೆ ಕಟ್ಟಿದ ಗಂಟನ್ನು ಬಿಚ್ಚದೆ ಇರುವುದು ಅಜ್ಜಪ್ಪನ ಜಾಯಮಾನದಲ್ಲಿರಲಿಲ್ಲ. ದಾರ ಎಳೆದ. ಒಳಗಿನಿಂದ ಜಾರಿ ಬಿದ್ದದ್ದು ಹಿತ್ತಾಳೆ ಹಿಡಿಯ ಖರೇ ಕತ್ತಿ, ಯುದ್ಧದ ಕತ್ತಿ. ಬಿಸಿಲಿಗೆ ಫಳ್ಳನೆ ಹೊಳೆದು ಸಾಹೇಬನ ಕಣ್ಣನ್ನೇ ಕುಕ್ಕಿತು.

"ಇದು ಯಾವ ಉಪಕರಣ?" ಎಂದು ಸಾಹೇಬ ಹತ್ತಿರ ಬಂದ.

ಅಜ್ಜಪ್ಪ ತನ್ನವರತ್ತ ನೋಡಿದ. ಮೂವರೂ ತಲೆ ತಗ್ಗಿಸಿದ್ದರು. ನೆಲದ ಮೇಲೆ ಏನೂ ಇಲ್ಲವೆಂದು ಈ ಸಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಾತು ಕೊಟ್ಟವನು ತಾನೊಬ್ಬನೇ. ಸಿಪಾಯಿಗಳು ಆಗಲೇ ಸುತ್ತುವರಿದಿದ್ದರು.

"ಜ್ವಾಳಾ ಕೊಯ್ಯೂದ್ರಿ," ಎಂದುಬಿಟ್ಟ ಅಜ್ಜಪ್ಪ.

"ಕತ್ತಿಯಿಂದಲೇ?"

"ದೊಡ್ಡ ಹೊಲಕ್ಕ ದೊಡ್ಡ ಕುಡಗೋಲ್ರಿ."

ಸಾಹೇಬನ ಕಣ್ಣಿನಲ್ಲಿ ಸಿಟ್ಟಿನ ಬದಲು ಕುತೂಹಲ ಮೂಡಿತು. ಪಕ್ಕದ ಜೋಳದ ಹೊಲದತ್ತ ಬೆರಳು ಮಾಡಿದ. "ತೋರಿಸು."

ಅಜ್ಜಪ್ಪ ಮೊದಲ ಸಲ ಬೀಸಿದಾಗ ಕತ್ತಿ ಗಾಳಿಯನ್ನು ಕೊಯ್ದು ಅವನನ್ನೇ ಒಂದು ಸುತ್ತು ತಿರುಗಿಸಿತು. ಎರಡನೆಯ ಸಲ ಅವನ ರುಮಾಲಿನ ಚುಂಗು ಹೋಯಿತು. ಕಣ್ಣು ಮುಚ್ಚಿ, ಕಲ್ಲವ್ವನನ್ನೂ ಮನೆದೇವರನ್ನೂ ನೆನೆದು ಮೂರನೆಯ ಸಲ ಬೀಸಿದ. ಸರ್‍ರೆಂದು ಇಡೀ ಸಾಲು ಅಡ್ಡಬಿತ್ತು. ಕಣ್ಣು ತೆರೆದು ನೋಡಿ ಅವನೇ ಬೆರಗಾದ. ಮತ್ತೆ ಬೀಸಿದ. ಮತ್ತೊಂದು ಸಾಲು! ಸಿಪಾಯಿಗಳು "ವಾಹ್ವಾ" ಎಂದರು. ಸಾಹೇಬ ಚಪ್ಪಾಳೆ ತಟ್ಟಿದ.

"ಈ ಮನುಷ್ಯ ಸತ್ಯವಂತ," ಎಂದು ಸಾಹೇಬ ಘೋಷಿಸಿದ. "ಕತ್ತಿಯು ಕುಡಗೋಲಿನ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡೆನು."

ಅಜ್ಜಪ್ಪ ಬೆವರು ಒರೆಸಿಕೊಂಡು ಹಲ್ಲು ಬಿಟ್ಟ. ಸಾಹೇಬ ಬಂಡಿಯಿಂದ ಒಂದು ಕುಡಗೋಲನ್ನು ಎತ್ತಿಕೊಂಡ. ಒಮ್ಮೆ ಅದನ್ನು, ಒಮ್ಮೆ ಕತ್ತಿಯನ್ನು ತಿರುತಿರುಗಿ ನೋಡಿದ.

"ಹಾಗಾದರೆ," ಎಂದ ನಿಧಾನವಾಗಿ, "ಕುಡಗೋಲೂ ಕತ್ತಿಯ ಕೆಲಸ ಮಾಡುವುದು. ನನಗೆ ಇದು ಈವರೆಗೆ ಹೊಳೆದೇ ಇರಲಿಲ್ಲ. ಎಲ್ಲವನ್ನೂ ಕೆಳಗಿಳಿಸತಕ್ಕದ್ದು!"

ಸಿಪಾಯಿಗಳು ಬಂಡಿಗೆ ಮುತ್ತಿದರು. ಕುಡಗೋಲು, ಕೊಡಲಿ, ಈಳಿಗೆಗಳು ಮತ್ತೆ ರಾಶಿ ಸೇರಿದವು. ಮಲ್ಲೇಶಪ್ಪನ ಕೈಯಿಂದ ಕ್ಷೌರದ ಕತ್ತಿಯನ್ನು ಕಿತ್ತುಕೊಂಡರು. ಏನನ್ನೂ ಕೊಯ್ಯಲಾಗದ್ದೆಂದು ಖಾಜಾಸಾಬನ ಬಿಲ್ಲೊಂದನ್ನೇ ಬಿಟ್ಟರು.

"ಮತ್ತ ಜ್ವಾಳಾ ಹ್ಯಾಂಗ್ರೀ ಕೊಯ್ಯೂದು?" ಎಂದು ಅಜ್ಜಪ್ಪ ಅಳುದನಿಯಲ್ಲಿ ಕೇಳಿದ.

"ರೈತರಿಗೆ ಅನ್ಯಾಯವಾಗಕೂಡದು," ಎಂದ ಸಾಹೇಬ. "ಗ್ರಾಮಕ್ಕೆ ಈ ದೊಡ್ಡ ಕುಡಗೋಲು ಒಂದು ಸಾಕು. ನೀನು ನುರಿತವನು. ಎಲ್ಲರ ಜೋಳವನ್ನೂ ನೀನೇ ಕೊಯ್ದು, ಬಳಿಕ ಇದನ್ನು ರೋಣದಲ್ಲಿ ಒಪ್ಪಿಸತಕ್ಕದ್ದು. ನಿನ್ನ ಹೊರತು ಮತ್ತಾರೂ ಮುಟ್ಟಕೂಡದು. ಸಿಪಾಯಿಯೊಬ್ಬ ಕಾವಲಿರುವನು."

ಸಂಜೆ ಬಂಡಿ ಊರ ಹಾದಿ ಹಿಡಿಯಿತು. ಖಾಜಾಸಾಬ ಬಿಲ್ಲಿನ ತಂತಿಯನ್ನು ಟೊಂಯ್ ಟೊಂಯ್ ಎನಿಸುತ್ತ ಖುಷಿಯಾಗಿದ್ದ. ಮಲ್ಲೇಶಪ್ಪ ಎಲ್ಲರಿಗೂ ಬೆನ್ನು ಮಾಡಿ ಕೂತಿದ್ದ. ಸಿಪಾಯಿ ಅಜ್ಜಪ್ಪನ ಭುಜಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ. ಗೌಡ ಮೆಲ್ಲಗೆ ಹತ್ತಿರ ಸರಿದ.

"ಜ್ವಾಪಾನೋ ಅಜ್ಜಪ್ಪ. ಅಲಗು ಮುಕ್ಕಾದೀತು. ನಮ್ಮ ಮುತ್ತ್ಯಾನ ಕತ್ತಿ ಅದು."

ಅಜ್ಜಪ್ಪ ದುರುಗುಟ್ಟಿ ನೋಡಿದ. "ನಿಮ್ಮದಾ? ಅಲ್ಲೇ ಯಾಕ ಹೇಳಲಿಲ್ರಿ?"

"ಅಲ್ಲಿ ಹೇಳಿದ್ರ ಸಾಹೇಬಗ ಕೇಳಸ್ತಿತ್ತಲ್ಲೋ!"

"ಹಂಗಾರ ಹಿಡೀರಿ, ನೀವ ಕೊಯ್ರಿ," ಎಂದು ಅಜ್ಜಪ್ಪ ಕತ್ತಿ ಚಾಚಿದ. ಗೌಡ ಹಾವು ಕಂಡವನಂತೆ ಬಂಡಿಯ ಅಂಚಿಗೆ ಹಾರಿದ.

"ಏ ಏ! ನೀ ಬಿಟ್ಟು ಯಾರೂ ಮುಟ್ಟಂಗಿಲ್ಲಂತ ಹುಕುಂ ಆಗೇತಿ."

ಅಜ್ಜಪ್ಪ ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಹಾದಿಯ ಎರಡೂ ಬದಿಗೆ ಒಣಗಿದ ಜೋಳ ಗಾಳಿಗೆ ಸರಸರ ಎನ್ನುತ್ತಿತ್ತು. ಗೌಡ ಅದನ್ನು ನೋಡುತ್ತ ನೋಡುತ್ತ ಮರುಕದ ದನಿಯಲ್ಲಿ ಹೇಳಿದ:

"ನಾಳೆ ಮೊದಲ ನಮ್ಮ ಹೊಲಕ್ಕ ಬಾ. ಪುರ್ತಗೇರಿ ಊರಿನ ಗಡಿ ತನಕ ನಮ್ಮದ ಐತಿ. ನೀ ಒಬ್ಬನ ಅದೀ ಪಾಪ, ಸಾವಕಾಶ ಮಾಡು."